ಒಂಬತ್ತು ಹುಲಿಗಳ ಬಂದೂಕು

ಆಯುಧಪೂಜೆಯ ದಿನ ನಮ್ಮ ಮನೆಯಲ್ಲಿ ಕುಂಕುಮ ಇಡಿಸಿಕೊಳ್ಳಲು ಸಾಲಾಗಿ ಕೂರುತ್ತಿದ್ದ ಆಯುಧಗಳು ಯಾವುವು ಗೊತ್ತೆ? ಒಂದು ಈಳಿಗೆಮಣೆ, ಒಂದು ಕತ್ತರಿ, ಒಂದು ಸ್ಕ್ರೂಡ್ರೈವರು (ಹಿಡಿ ಒಡೆದದ್ದು), ಮತ್ತು ಸಾಹೇಬರ ಒಪ್ಪಿಗೆ ಪಡೆದು ನಾನು ಒಂದು ದಿನದ ಮಟ್ಟಿಗೆ ಆಫೀಸಿನಿಂದ ತರುತ್ತಿದ್ದ, ಕಾಗದಕ್ಕೆ ತೂತು ಹೊಡೆಯುವ ಪಂಚಿಂಗ್ ಮಶೀನು. ಹದಿನಾರು ವರ್ಷದ ಸರ್ವಿಸಿನಲ್ಲಿ ನಾನು ಪ್ರಯೋಗಿಸಿದ ಅತ್ಯಂತ ಘೋರವಾದ ಶಸ್ತ್ರವೆಂದರೆ ಅದೇ. ಒಮ್ಮೆ ನನ್ನದೇ ಹೆಬ್ಬೆರಳು ಅದರಲ್ಲಿ ಸಿಕ್ಕಿಕೊಂಡಿತ್ತು.

ಇಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಆದರೆ ನನಗೊಬ್ಬ ಭಾವಮೈದನಿದ್ದಾನೆ. ಹೆಸರು ಜಯಸಿಂಹ, ವಾಸ ಪವಾಯಿ, ಕೆಲಸ ಇಂಜಿನಿಯರು, ವಾಹನ ಫಿಯೆಟ್. ಪ್ರತಿ ವರ್ಷ ನವಮಿಯ ದಿನ ಅವನು ಆ ಫಿಯೆಟ್ಟನ್ನು ತೊಳೆದು, ಚೆಂಡುಹೂವಿನ ಹಾರ ಹಾಕಿ, ಚೆಂಬೂರಿನ ನಮ್ಮ ಬಿಲ್ಡಿಂಗಿನ ಗೇಟಿಗೇ ತಂದು ನಿಲ್ಲಿಸುತ್ತಾನೆ. ಕಾರಿಗೆ ಅಕ್ಕನ ಕೈಯಿಂದಲೇ ಆರತಿ ಆಗಬೇಕಂತೆ. ಬಿಲ್ಡಿಂಗಿನವರೆಲ್ಲ ಕೆಳಗಿಳಿದು ಬರುತ್ತಾರೆ, ಕುಂಬಳಕಾಯಿ ಒಡೆಯುತ್ತದೆ, ಹಾರ್ನ್ ಮೂರು ಸಲ ಬಾರಿಸಲಾಗುತ್ತದೆ. ಆಮೇಲೆ ಅವನು ಮೇಲೆ ಬಂದು, ಮಣೆಯ ಮೇಲೆ ಕೂತ ನನ್ನ ಪಂಚಿಂಗ್ ಮಶೀನನ್ನು ನೋಡಿ, "ಭಾವ, ಇದಕ್ಕೂ ಒಂದು ನಿಂಬೆಹಣ್ಣು ಕಟ್ಟಿಬಿಡಿ. ಫೈಲುಗಳ ದೃಷ್ಟಿ ತಾಗೀತು," ಅನ್ನುತ್ತಾನೆ. ಎಲ್ಲರೂ ನಗುತ್ತಾರೆ. ನನ್ನ ಹೆಂಡತಿ ಪಂಕಜಾನೂ ನಗುತ್ತಾಳೆ. ಬೇರೆಯವರು ನಕ್ಕಿದ್ದು ನನಗೆ ಲೆಕ್ಕಕ್ಕಿಲ್ಲ. ಅವಳು ನಗುವುದು ಮಾತ್ರ ಹದಿನಾರು ವರ್ಷವೂ ನನಗೆ ನೋವಾಗಿದೆ.

ಹೀಗಿರುವಾಗ ಎಂಬತ್ತಾರನೇ ಇಸವಿಯಲ್ಲಿ ಮೈಸೂರಿನಿಂದ ಕಾಗದ ಬಂತು. ನಮ್ಮ ದೊಡ್ಡಪ್ಪ ತೀರಿಕೊಂಡು ವರ್ಷವಾಗಿತ್ತು, ಮನೆ ಖಾಲಿ ಮಾಡುತ್ತಿದ್ದರು, ಬಂದು ಬೇಕಾದ್ದು ತೆಗೆದುಕೊಂಡು ಹೋಗು ಅಂತ ದೊಡ್ಡಪ್ಪನ ಮಗಳು ಶಾಮಲಾ ಬರೆದಿದ್ದಳು. ಹೊರಡುವಾಗ ಪಂಕಜಾ ಒಂದೇ ಒಂದು ಮಾತು ಹೇಳಿದಳು.

"ಬೇರೇನೂ ಬೇಡ. ನಿಮ್ಮ ಅಲಮೇಲಜ್ಜಿ ಒರಳು ತನ್ನಿ, ಸಾಕು."

ಇದಕ್ಕೆ ಕಾರಣ ನಾನೇ. ಅಲಮೇಲಜ್ಜಿ ಎಂದರೆ ನಮ್ಮ ದೊಡ್ಡತಾತನ ಹೆಂಡತಿ. ಆಕೆಯ ಸಾರಿನ ಪುಡಿಯ ಘಮ ಮೂರು ಬೀದಿ ದಾಟುತ್ತಿತ್ತು. ಆಕೆ ಅಳತೆಯನ್ನು ಯಾರಿಗೂ ಹೇಳದೆ ಹೋಗಿಬಿಟ್ಟರು. ಮದುವೆಯಾದ ಮರುದಿನದಿಂದ ನಾನು ಊಟಕ್ಕೆ ಕೂತಾಗಲೆಲ್ಲ, "ಚೆನ್ನಾಗಿದೆ, ಆದರೆ ಅಜ್ಜಿ ಸಾರಿನ ಹಾಗಿಲ್ಲ," ಅನ್ನುತ್ತ ಬಂದಿದ್ದೆ. (ಹೊಸದಾಗಿ ಮದುವೆಯಾದವರು ದಯವಿಟ್ಟು ಈ ವಾಕ್ಯವನ್ನು ಅಭ್ಯಾಸ ಮಾಡಿಕೊಳ್ಳಬೇಡಿ.) ಮಿಕ್ಸಿಯಿಂದ ಆ ರುಚಿ ಬರುವುದಿಲ್ಲ, ಕಲ್ಲಿನ ಒರಳಲ್ಲೇ ಕುಟ್ಟಬೇಕು ಎಂಬುದು ಪಂಕಜಾಳ ಕೊನೆಯ ಭರವಸೆಯಾಗಿತ್ತು.

ಮೈಸೂರಿನ ಮನೆಯ ಉಗ್ರಾಣದಲ್ಲಿ ಒರಳು ಇತ್ತು. ಅದರ ಪಕ್ಕದಲ್ಲೇ, ಹಳೇ ಜಮಖಾನದಲ್ಲಿ ಸುತ್ತಿಕೊಂಡು, ಬಂದೂಕು ಇತ್ತು!

ನಮ್ಮ ದೊಡ್ಡತಾತ ಸೀತಾರಾಮಯ್ಯನವರು ಹೆಗ್ಗಡದೇವನಕೋಟೆಯಲ್ಲಿ ಅಮಲ್ದಾರರಾಗಿದ್ದವರು. ಊರು ಬಿಟ್ಟು ಹೊರಟ ಬ್ರಿಟಿಷ್ ಅಧಿಕಾರಿಯೊಬ್ಬ ಅವರಿಗೆ ಈ ಬೇಟೆ ಬಂದೂಕು ಕೊಟ್ಟುಹೋದನಂತೆ. ಅದರಿಂದ ಅವರು ಒಂಬತ್ತು ಹುಲಿ ಹೊಡೆದರೆಂದು ನಾವು ಚಿಕ್ಕಂದಿನಿಂದ ಕೇಳಿದ್ದೆವು. ಸಾಕ್ಷಿಗೆ ಒಂದು ಫೋಟೋ ಉಂಟು. ರುಮಾಲು ಸುತ್ತಿದ ತಾತ ಬಂದೂಕು ಊರಿಕೊಂಡು, ಬಲಗಾಲು ಎತ್ತಿ ಏನನ್ನೋ ಮೆಟ್ಟಿ ನಿಂತಿದ್ದಾರೆ. ಮೊಣಕಾಲಿನ ಕೆಳಗಿನ ಭಾಗವನ್ನು ಗೆದ್ದಲು ತಿಂದಿದೆ. ಅಂದರೆ, ತಾತ ಹುಲಿಗಳನ್ನು ಹೊಡೆದರು, ಫೋಟೋದಲ್ಲಿದ್ದ ಒಂದನ್ನು ಗೆದ್ದಲು ಮುಗಿಸಿತು. ಹಿಂದೆ ಅಜ್ಜಿ ಗುಂಡಗಿನದೇನನ್ನೋ ಹಿಡಿದು ನಿಂತಿದ್ದಾರೆ. ಗೆದ್ದು ಬಂದ ಗಂಡನಿಗೆ ಆರತಿ ತಟ್ಟೆ ಎಂದು ನನ್ನ ಊಹೆ.

"ಒರಳು ತಗೋ, ಆದ್ರೆ ಬಂದೂಕೂ ತಗೋಬೇಕು," ಎಂದಳು ಶಾಮಲಾ. "ಎರಡನ್ನೂ ಬೇರೆ ಮಾಡಬಾರದು ಅಂತ ಅಜ್ಜಿ ಹೇಳಿದ್ದರು. ಯಾಕೆ ಅಂತ ಯಾರೂ ಕೇಳಲಿಲ್ಲ."

ಕಲ್ಲಿಗೂ ಬಂದೂಕಿಗೂ ಏನು ಸಂಬಂಧ? ಹೆಂಗಸರ ನಂಬಿಕೆ ಎಂದು ನಾನು ನಕ್ಕುಬಿಟ್ಟೆ. ನನ್ನ ತಲೆಯಲ್ಲಿ ಆಗಲೇ ನವಮಿಯ ಮೆರವಣಿಗೆ ಹೊರಟಿತ್ತು. ಒಂದು ಕಡೆ ಫಿಯೆಟ್, ಇನ್ನೊಂದು ಕಡೆ ಒಂಬತ್ತು ಹುಲಿ ಹೊಡೆದ ಬಂದೂಕು! ನಿಂಬೆಹಣ್ಣು ಯಾರಿಗೆ ಕಟ್ಟಬೇಕೋ ನೋಡಿಯೇಬಿಡೋಣ, ಜಯಸಿಂಹ!

ನಾಲ್ಕು ಕಚೇರಿ ಸುತ್ತಿ, ಕಾಗದ ಮಾಡಿಸಿ, ಬಂದೂಕನ್ನೂ ಒರಳನ್ನೂ ಮುಂಬಯಿಗೆ ತಂದೆ. ಪಂಕಜಾ ಬಾಗಿಲಲ್ಲೇ ನಿಂತು ನೋಡಿದಳು.

"ಒರಳೇನೋ ತಂದ್ರಿ. ಒನಕೆ ಎಲ್ಲಿ?"

"ಒನಕೆ ಇರಲಿಲ್ಲ ಕಣೆ. ಉಗ್ರಾಣವೆಲ್ಲ ಹುಡುಕಿದೆ. ಆದರೆ ಇದನ್ನು ನೋಡು!"

"ಒನಕೆ ಬಿಟ್ಟು ಕೋವಿ ತಂದ ಗಂಡಸು ನೀವೊಬ್ಬರೇ ಇರಬೇಕು. ಮುಳ್ಳಿಲ್ಲದ ಗಡಿಯಾರ ತಂದ ಹಾಗಾಯ್ತು. ಇದರಲ್ಲಿ ಏನನ್ನ ಕುಟ್ಟಲಿ, ನನ್ನ ತಲೇನಾ?"

"ಪಂಕಜಾ, ಇದು ಒಂಬತ್ತು ಹುಲಿ ಹೊಡೆದದ್ದು!"

"ಒಂಬತ್ತು ಜೀವ ತೆಗೆದ ವಸ್ತು ನನ್ನ ಅಡಿಗೆಮನೆ ಹತ್ತಿರ ಸುಳೀಬಾರದು. ಮಂಚದ ಕೆಳಗಿಡಿ. ನಾನಂತೂ ಮುಟ್ಟಲ್ಲ."

ಮುಟ್ಟಲೂ ಇಲ್ಲ. ನವಮಿಗೆ ಉಳಿದಿದ್ದ ಮೂರು ತಿಂಗಳೂ ಅವಳು ಮಂಚದ ಕೆಳಗೆ ಕಸ ಗುಡಿಸಿದ್ದು ದೂರದಿಂದ, ಉದ್ದನೆಯ ಪೊರಕೆಯಲ್ಲಿ. ಈ ಮಡಿಯೊಂದು ಇಲ್ಲದಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತೋ ಏನೋ.

ನಾನು ಸಂಶೋಧನೆಗೆ ಇಳಿದೆ. ಲೈಬ್ರರಿಯಿಂದ ಬಂದೂಕುಗಳ ಬಗ್ಗೆ ದಪ್ಪನೆಯ ಪುಸ್ತಕ ತಂದೆ. ಬಂದೂಕನ್ನು ಗುರುತಿಸಬೇಕಾದರೆ ಮೊದಲು ಲೋಹದ ಮೇಲಿನ ಮುದ್ರೆ ನೋಡಬೇಕು ಎಂದಿತ್ತು. ನಮ್ಮದರ ಮೇಲೆ ಲೋಹವೇ ಕಾಣುತ್ತಿರಲಿಲ್ಲ. ಎಪ್ಪತ್ತು ವರ್ಷದ ಆಯುಧಪೂಜೆಗಳ ಗಂಧ, ವಿಭೂತಿ, ಕುಂಕುಮ ಒಂದರ ಮೇಲೊಂದು ಮೆತ್ತಿಕೊಂಡು, ಬಂದೂಕು ಮಠಾಧಿಪತಿಗಳ ಹಾಗೆ ಕಾಣುತ್ತಿತ್ತು. ಪೂಜೆಯಾದ ಆಯುಧವನ್ನು ತೊಳೆಯಬಾರದೆಂದು ನಮ್ಮವರು ಒಂದು ವರ್ಷವೂ ಒರೆಸಿರಲಿಲ್ಲ. ನಾನು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಭಾನುವಾರಕ್ಕೆ ಒಂದು ಗೇಣಿನಂತೆ ಒರೆಸುತ್ತಾ ಹೋದೆ. ಮೊದಲು ಬರ್ಮಿಂಗ್‌ಹ್ಯಾಮಿನ ಹೆಸರು ಬಂತು. ಆಮೇಲೆ ಪುಟ್ಟದೊಂದು ಕಿರೀಟದ ಮುದ್ರೆ. ಕೊನೆಗೆ ಅಕ್ರೋಟು ಮರದ ಹಿಡಿ. ಅದರೊಳಗಿನ ಕಂದು ಗೆರೆಗಳು ಕಾಫಿ ಡಿಕಾಕ್ಷನ್ ಹಾಲಿನಲ್ಲಿ ಬೆರೆಯುವಾಗ ಕಾಣುತ್ತದಲ್ಲ, ಹಾಗೆ ಹರಿದಿದ್ದವು. ಸುಳ್ಳು ಯಾಕೆ ಹೇಳಲಿ, ನನಗೆ ಕಣ್ಣು ತುಂಬಿ ಬಂತು. ನನ್ನ ವಂಶದಲ್ಲಿ ಇಷ್ಟು ಸುಂದರವಾದದ್ದು ಇನ್ನೊಂದಿರಲಿಲ್ಲ. (ಪಂಕಜಾ ಬೇರೆ ವಂಶದಿಂದ ಬಂದವಳು.)

ಹಿಡಿಯ ಎಡಬದಿಯಲ್ಲಿ ಸಾಲಾಗಿ ಒಂಬತ್ತು ಗೀರುಗಳಿದ್ದವು! ಒಂದೇ ಅಳತೆಯವಲ್ಲ. ಮೊದಲನೆಯದು ಬೆರಳುದ್ದ, ಎರಡನೆಯದು ಅದಕ್ಕಿಂತ ತುಸು ಚಿಕ್ಕದು, ಹೀಗೆ ಇಳಿಯುತ್ತಾ ಹೋಗಿ ಒಂಬತ್ತನೆಯದು ಅಕ್ಕಿಕಾಳಿನಷ್ಟು. ಬೇಟೆಗಾರರು ಹೊಡೆದ ಪ್ರಾಣಿಗೊಂದರಂತೆ ಗೀರು ಹಾಕುತ್ತಿದ್ದರೆಂದು ಪುಸ್ತಕದಲ್ಲೇ ಇತ್ತು. ಗೀರಿನ ಉದ್ದ ಹುಲಿಯ ಉದ್ದಕ್ಕೆ ತಕ್ಕಂತೆ ಎಂಬುದು ನನ್ನ ಸ್ವಂತ ಶೋಧ. ಹಾಗಾಗಿ ಮೊದಲನೆಯದು ನರಭಕ್ಷಕ, ಕೊನೆಯದು ಮರಿ. ತಾತ ಮರಿಯನ್ನು ಕೊಂದರಲ್ಲ ಎಂದು ಒಂದು ದಿನ ಬೇಸರವೂ ಆಯಿತು.

ನನ್ನ ಶೋಧವನ್ನು ತಿಳಿದವರ ಮುಂದೆ ಇಡಬೇಕಲ್ಲ? ನಮ್ಮ ಬಿಲ್ಡಿಂಗಿನ ಕೆಳಗೆ ಹೋಟೆಲು ನಡೆಸುವ ಕೊರಗಪ್ಪ ಕಾರ್ಕಳದ ಕಡೆಯವರು, ಪ್ರಾಯದಲ್ಲಿ ಹಂದಿ ಬೇಟೆ ಆಡಿದವರು. ಕರೆತಂದೆ. ಅವರು ಬಂದೂಕಿನ ಕೀಲು ಎಳೆದು, ಗುಂಡಿಲ್ಲವೆಂದು ನೋಡಿಕೊಂಡು, ನಳಿಗೆಗೆ ಕಣ್ಣಿಟ್ಟರು.

"ಎಂತ ಸಾರ್, ಇದರೊಳಗೆ ಬೆಳಕೇ ಕಾಣುವುದಿಲ್ಲ!"

ಕೊಡೆಯ ಕಡ್ಡಿ ತೂರಿಸಿ ನೂಕಿದರು. ನಳಿಗೆಯಿಂದ ಒಣಗಿದ ಚೆಂಡುಹೂವಿನ ದಂಟುಗಳು, ಊದುಬತ್ತಿಯ ಕಡ್ಡಿಗಳು, ಒಂದು ಹೂಬತ್ತಿ ಬಿದ್ದವು. ಪೂಜೆಯ ದಿನ ನಮ್ಮ ಮನೆಯವರು ನಳಿಗೆಯನ್ನು ಹೂದಾನಿ ಮಾಡಿಕೊಂಡಿದ್ದರು. ಕೊರಗಪ್ಪ ಮತ್ತೆ ಒಳಗೆ ನೋಡಿದರು, ಬಹಳ ಹೊತ್ತು ನೋಡಿದರು.

"ಕೋವಿ ಒಳ್ಳೆ ಜಾತಿಯದ್ದು ಮಾರಾಯ್ರೆ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಇದು ಗುಂಡು ಹಾರಿಸಿದ ಕೋವಿ ಅಲ್ಲ. ಒಳಗೆ ಒಂದು ಗೆರೆ ಸವೆದಿಲ್ಲ. ಹಿಂದೆ ನೋಡಿ, ಹೆಗಲಿಗೆ ತಾಗುವ ಕಬ್ಬಿಣದ ಪಟ್ಟಿ ಸವೆದು ಸವೆದು ಕಾಗದ ಆಗಿದೆ. ಎದುರು ಹೊಸತು, ಹಿಂದೆ ಹಳತು. ಇದು ಉಲ್ಟಾ ಕೆಲಸ ಮಾಡಿದ ಕೋವಿ."

"ತಾತ ಹುಲಿಯನ್ನು ಹಿಡಿಯಿಂದಲೇ ಹೊಡೆದಿರಬಹುದಲ್ಲ?"

ಕೊರಗಪ್ಪ ನನ್ನ ಮುಖ ನೋಡಿದರು. "ಒಂಬತ್ತನ್ನೂ?" ಎಂದರು.

ಸವೆದ ಪಟ್ಟಿಯನ್ನು ಬಿಚ್ಚಿ ನೋಡಿದರೆ ಏನಾದರೂ ಗೊತ್ತಾದೀತು ಎಂದು ಹೇಳಿ ಅವರು ಹೋದರು. ಹಬ್ಬದ ಹಿಂದಿನ ದಿನ ನಾನು ಆ ಪಟ್ಟಿಯ ಎರಡು ಸ್ಕ್ರೂ ಸಡಿಲಿಸಿ ಇಣುಕಿದೆ. ಒಳಗೆ ಕೆಂಪು! ಕಪ್ಪು ಬೆರೆತ ಒಣ ಕೆಂಪು, ಮರದ ಬಿರುಕಿನ ತುಂಬ ಹೆಪ್ಪುಗಟ್ಟಿತ್ತು. ಹುಲಿಯ ರಕ್ತ! ಈಗ ಹೇಳಲಿ ಕೊರಗಪ್ಪ! ಪವಿತ್ರವಾದ ಸಾಕ್ಷ್ಯವನ್ನು ಕದಲಿಸಬಾರದೆಂದು ನಾನು ಸ್ಕ್ರೂಗಳನ್ನು ಬಿಗಿ ಮಾಡಲೂ ಇಲ್ಲ. ನೆಗಡಿಯಿಂದ ಮೂಗು ಕಟ್ಟಿತ್ತು, ಮೂಸಿ ನೋಡುವ ಮಾತೇ ಇರಲಿಲ್ಲ.

ನವಮಿ ಬಂತು. ನಾನು ಇದಕ್ಕೆಂದೇ ಹೊಲಿಸಿದ ಖಾಕಿ ಸಫಾರಿ ಸೂಟು ಹಾಕಿದೆ. ಮಂಚವೂ ಬೀರುವೂ ಇರುವ ನಮ್ಮ ಬೈಠಕ್ಕಿನ ನಡುವೆ ಮಣೆ, ಮಣೆಯ ಮೇಲೆ ರೇಷ್ಮೆ ಶಲ್ಯ, ಶಲ್ಯದ ಮೇಲೆ ಬಂದೂಕು, ಹಿಂದೆ ಗೆದ್ದಲು ತಿಂದ ತಾತ. ಪಂಚಿಂಗ್ ಮಶೀನನ್ನು ಬೀರುವಿಗೆ ಹಾಕಿ ಬೀಗ ಹಾಕಿದ್ದೆ. ಜಯಸಿಂಹ ಬಂದ. ಕುಂಬಳಕಾಯಿ ಒಡೆಯಿತು. ಆದರೆ ಆ ವರ್ಷ ಜನ ಫಿಯೆಟ್ಟನ್ನು ಅಲ್ಲೇ ಬಿಟ್ಟು ಮೆಟ್ಟಿಲು ಹತ್ತಿ ನಮ್ಮ ಮನೆಗೆ ನುಗ್ಗಿದರು! ಕೆಳಗಿನ ಮನೆಯ ಕಸ್ತೂರಿಬಾಯಿ ಬಂದೂಕಿಗೆ ಕೈಮುಗಿದೇ ಬಿಟ್ಟರು. ಜಯಸಿಂಹನ ಮುಖ ನೋಡಬೇಕಿತ್ತು ನೀವು.

"ವಾಹ್ ಭಾವ, ಯೇ ತೋ ಅಸಲಿ ಹೈ," ಎಂದ. ಪಂಕಜಾ ಬಾಗಿಲ ಹತ್ತಿರ ನಿಂತಿದ್ದಳು. ಅವಳು ನಗುತ್ತಿರಲಿಲ್ಲ. ಹದಿನಾರು ವರ್ಷದಲ್ಲಿ ಮೊದಲ ಬಾರಿಗೆ ನನ್ನನ್ನು ಗಂಡಸಿನ ಹಾಗೆ ನೋಡುತ್ತಿದ್ದಳು.

ಅಷ್ಟರಲ್ಲಿ ಬೂಟಿನ ಸದ್ದಾಯಿತು. ಲೈಸೆನ್ಸನ್ನು ನನ್ನ ಹೆಸರಿಗೆ ಮಾಡಿಸಲು ಹಾಕಿದ್ದ ಅರ್ಜಿಯ ತನಿಖೆಗೆ ಸಬ್ ಇನ್ಸ್‌ಪೆಕ್ಟರ್ ಬಸವಂತರಾಯರು ಬಂದಿದ್ದರು. ಅಕ್ಕಲಕೋಟೆಯ ಕಡೆಯವರು, ಎತ್ತರದ ಆಳು.

"ನಮಸ್ಕಾರ್ರೀ. ಹಬ್ಬದ ದಿನಾ ಬಂದೆ, ತಪ್ಪ ತಿಳೀಬ್ಯಾಡ್ರಿ. ಬಂದೂಕು ಇದ ಏನ್ರಿ? ನಿಮಗ ಹಿಡ್ಯಾಕ ಬರ್ತದೋ ಇಲ್ಲೋ ನೋಡಿ ಬರಕೋಬೇಕ್ರಿ."

ದೇವರೇ ಕಳಿಸಿದ ಪ್ರಶ್ನೆ! ನಾನು ಬಂದೂಕನ್ನೆತ್ತಿದೆ. ಒಂಬತ್ತು ಗೀರುಗಳನ್ನು ತೋರಿಸುತ್ತಾ ನರಭಕ್ಷಕನಿಂದ ಮರಿಯವರೆಗೆ ಕಥೆ ಹೇಳಿದೆ. ಹಿಡಿಯೊಳಗಿನ ರಕ್ತದ ವಿಷಯವನ್ನೂ ಹೇಳಿದೆ. ಹೆಂಗಸರು ಬಾಯಿ ಮುಚ್ಚಿಕೊಂಡರು. ಕೊನೆಗೆ, "ನಮ್ಮ ತಾತ ಹೀಗೆ ಗುರಿ ಇಡುತ್ತಿದ್ದರು," ಎಂದು ಬಂದೂಕನ್ನು ಜೋರಾಗಿ ಹೆಗಲಿಗೆ ಬಡಿದು, ಕೆನ್ನೆ ಒತ್ತಿ, ಉಸಿರೆಳೆದುಕೊಂಡೆ.

ಸಡಿಲವಾಗಿದ್ದ ಪಟ್ಟಿಯ ಸಂದಿಯಿಂದ ಕೆಂಪು ಧೂಳು ಭುಸ್ಸೆಂದು ಎದ್ದು ನೆಟ್ಟಗೆ ನನ್ನ ಮೂಗಿಗೆ ಹೋಯಿತು.

ಅಂಥ ಸೀನು ನನಗೆ ಜೀವಮಾನದಲ್ಲಿ ಬಂದಿರಲಿಲ್ಲ. ಮೊದಲ ಸೀನಿಗೆ ನಳಿಗೆ ಜಯಸಿಂಹನ ಎದೆಗೆ ತಿರುಗಿತು. ಅವನು ಮಂಚದ ಕೆಳಗೆ ಹೋದ. ಎರಡನೆಯದಕ್ಕೆ ಕಸ್ತೂರಿಬಾಯಿಯವರ ಕಡೆ, ಅವರು "ಅಗ್ಗಬಾಯಿ!" ಎಂದು ಬೀರುವಿನ ಹಿಂದೆ ಸೇರಿದರು. ಮೂರನೆಯದಕ್ಕೆ ಬಸವಂತರಾಯರು. "ಬಂದೂಕು ಕೆಳಗಿಡ್ರೀ! ಕೆಳಗಿಡ್ರೀ!" ಎನ್ನುತ್ತ ಅಂಥ ಎತ್ತರದ ಆಳು ರಂಗೋಲಿಯ ಮೇಲೆ ಉದ್ದಕ್ಕೆ ಮಲಗಿದರು. ಗುಂಡಿಲ್ಲ ಎಂದು ಹೇಳಲು ನಾನು ಬಾಯಿ ತೆರೆದಾಗಲೆಲ್ಲ ಸೀನೇ ಹೊರಬಂತು. ಕಣ್ಣಲ್ಲಿ ನೀರು, ಮೂಗಲ್ಲಿ ಬೆಂಕಿ, ಕೈಯಲ್ಲಿ ದಿಕ್ಕು ದಿಕ್ಕಿಗೆ ಗುರಿ ಇಡುವ ಬಂದೂಕು. ಐದನೆಯ ಸೀನಿನ ಹೊತ್ತಿಗೆ ಕೋಣೆಯಲ್ಲಿ ನಿಂತಿದ್ದವರು ನಾವಿಬ್ಬರೇ, ನಾನು ಮತ್ತು ಪಂಕಜಾ.

ಅವಳು ನೆಟ್ಟಗೆ ನನ್ನ ಹತ್ತಿರ ಬಂದಳು. ಮೂರು ತಿಂಗಳು ಮುಟ್ಟದ ಬಂದೂಕನ್ನು ನಳಿಗೆ ಹಿಡಿದು, ಮಗುವಿನ ಕೈಯಿಂದ ಚಮಚ ಕಿತ್ತುಕೊಂಡ ಹಾಗೆ ಕಿತ್ತುಕೊಂಡಳು. ಆಮೇಲೆ ಅವಳ ಮೂಗು ಅರಳಿತು. ಹಿಡಿಯನ್ನು ಮುಖದ ಹತ್ತಿರ ತಂದು, ಕಣ್ಣು ಮುಚ್ಚಿ, ದೀರ್ಘವಾಗಿ ಮೂಸಿದಳು.

"ಇದು ರಕ್ತ ಅಲ್ಲ," ಎಂದಳು. "ಇದು ಸಾರಿನ ಪುಡಿ."

ಮಂಚದ ಕೆಳಗಿನಿಂದ ಜಯಸಿಂಹ, "ಕ್ಯಾ?" ಎಂದ.

ಪಂಕಜಾ ಬಂದೂಕನ್ನು ತಿರುಗಿಸಿ, ನಳಿಗೆಯನ್ನು ಎರಡು ಕೈಯಲ್ಲಿ ಹಿಡಿದು, ಅಡಿಗೆಮನೆಗೆ ನಡೆದಳು. ಒರಳಿನಲ್ಲಿ ಹಿಡಿಯನ್ನು ಇಳಿಸಿದಳು. ಕಲ್ಲಿನ ಕುಳಿಗೂ ಆ ಸವೆದ ಪಟ್ಟಿಗೂ ಕೂದಲೆಳೆಯಷ್ಟೂ ಸಂದಿಯಿರಲಿಲ್ಲ.

"ಅಯ್ಯೋ ಅಜ್ಜೀ!" ಎಂದಳು ಪಂಕಜಾ. ಅವಳ ಕಣ್ಣಲ್ಲಿ ನೀರಿತ್ತು, ಅದು ಖಾರದ್ದಲ್ಲ. "ರೀ, ಬನ್ನಿ ಇಲ್ಲಿ. ನಿಮ್ಮ ಹುಲಿಗಳನ್ನ ಇನ್ನೊಂದ್ಸಲ ಹೇಳಿ. ಮೊದಲನೇದು ಬೆರಳುದ್ದ ಅಂದ್ರಲ್ಲ? ಅದು ಕೊತ್ತಂಬರಿ ಬೀಜ. ಎರಡನೇದು ಮೆಣಸಿನಕಾಯಿ. ಆಮೇಲೆ ಜೀರಿಗೆ, ಮೆಣಸು, ಮೆಂತ್ಯ, ಸಾಸಿವೆ, ಕರಿಬೇವು, ಅರಿಶಿನ. ಅಜ್ಜಿಗೆ ಓದು ಬರಹ ಬರ್ತಿರಲಿಲ್ಲ ಅಂತ ನೀವೇ ಹೇಳಿದ್ರಿ. ಅಳತೆ ಮರೀದೇ ಇರಲಿ ಅಂತ ಒನಕೆ ಮೇಲೇ ಗೀರು ಹಾಕ್ಕೊಂಡಿದ್ದಾರೆ!"

"ಮತ್ತೆ ಮರಿ?" ಎಂದೆ, ಒಂಬತ್ತನೆಯ ಸೀನನ್ನು ಮುಗಿಸಿ.

"ಇಂಗು," ಎಂದಳು.

ಅಷ್ಟು ಹೊತ್ತಿಗೆ ಎಲ್ಲರೂ ಎದ್ದು ಅಡಿಗೆಮನೆ ಬಾಗಿಲಿಗೆ ಬಂದಿದ್ದರು. ಮುಂದೆ ಅಂಗಿಯ ತುಂಬ ರಂಗೋಲಿ ಮೆತ್ತಿಕೊಂಡ ಬಸವಂತರಾಯರು. ನಗು ಎಲ್ಲಿಂದ ಶುರುವಾಯಿತೋ ಗೊತ್ತಿಲ್ಲ, ಕೆಳಗಿನ ಹೋಟೆಲಿನವರೆಗೆ ಕೇಳಿಸಿ ಕೊರಗಪ್ಪನವರೂ ಮೇಲೆ ಬಂದರು. ವಿಷಯ ತಿಳಿದು, "ಉಲ್ಟಾ ಕೆಲಸ ಮಾಡಿದ್ದು ಅಂತ ನಾನು ಹೇಳಿರಲಿಲ್ವಾ ಸಾರ್?" ಎಂದು ನನ್ನ ಸಫಾರಿ ಸೂಟಿನ ಧೂಳು ಕೊಡವಿದರು. ನಾನು ಬೀರುವಿನ ಬೀಗ ತೆಗೆದು ಪಂಚಿಂಗ್ ಮಶೀನನ್ನು ಮಣೆಯ ಮೇಲೆ ಇಟ್ಟೆ. ಪೂಜೆ ಯಾವುದಕ್ಕಾದರೂ ಆಗಲೇಬೇಕಿತ್ತಲ್ಲ.

ಮರುದಿನ ಪಂಕಜಾ ಗೀರು ಹಿಡಿದು ಅಳೆದು, ಹುರಿದು, ಕುಟ್ಟಿದಳು. ವಿಚಾರಣೆ ಮುಗಿಸಲು ಬಂದ ಬಸವಂತರಾಯರನ್ನು ಊಟಕ್ಕೆ ಕೂರಿಸಿದೆವು. ನಾನು ಒಂದು ತುತ್ತು ಬಾಯಿಗಿಟ್ಟೆ. ಅದೇ ಸಾರು! ಉಗ್ರಾಣದ ಕಿಟಕಿ, ಅಜ್ಜಿಯ ಕೆಂಪು ಸೀರೆ, ಎಲ್ಲ ಕಣ್ಣ ಮುಂದೆ ಬಂತು. ಹದಿನಾರು ವರ್ಷ ದಿನಾ ಹೇಳಿದ್ದ ಮಾತನ್ನು ಹೇಳಲು ಬಾಯಿ ತೆರೆದೆ. ಆ ಮಾತಿನ ಬದಲು ತಟ್ಟೆಯನ್ನೇ ಮುಂದೆ ಚಾಚಿದೆ. ಪಂಕಜಾ ಸೌಟು ಹಿಡಿದು ಕಾಯುತ್ತಲೇ ಇದ್ದಳು. ಬಸವಂತರಾಯರು ನಾಲ್ಕು ಸಲ ಹಾಕಿಸಿಕೊಂಡು, ಕೈ ತೊಳೆದು, ವರದಿ ಬರೆದರು. ಬರೆದದ್ದನ್ನು ಓದಿ ಹೇಳುವಷ್ಟು ಸಜ್ಜನರು.

"ಅರ್ಜಿದಾರ ಸತ್ಯಮೂರ್ತಿ ಇವರು ಬಂದೂಕು ಹಿಡಿದ ಕೂಡಲೇ ಸೀನುತ್ತಾರೆ, ಸಾರ್ವಜನಿಕರ ಕಡೆ ಗುರಿ ಇಡುತ್ತಾರೆ. ಇವರ ಪತ್ನಿ ಪಂಕಜಾ ಇವರು ಧೈರ್ಯವಂತರು, ಬಂದೂಕಿನ ಪೂರ್ತಿ ಉಪಯೋಗ ಬಲ್ಲವರು. ಲೈಸೆನ್ಸು ಪತ್ನಿಯ ಹೆಸರಿಗೆ ಕೊಡಬಹುದು." ಆಮೇಲೆ ನನ್ನ ಕಡೆ ತಿರುಗಿ, "ಗುಂಡು ಹಾರಸೂ ಕೀಲು ಠಾಣಾದಾಗ ಇರ್ಲಿ. ಕುಟ್ಟಾಕ ಅದೇನ್ ಬೇಕಾಗೂದಿಲ್ಲ," ಎಂದರು. ಹೋಗುವಾಗ ಒಂದು ಡಬ್ಬಿ ಪುಡಿ ಕಟ್ಟಿಸಿಕೊಂಡರು.

ಲೈಸೆನ್ಸು ಬಂತು. ಅದರಲ್ಲಿ ಪಂಕಜಾಳ ಫೋಟೋ ಇದೆ. ನಾನೀಗ ತಾತನ ಬಂದೂಕು ಮುಟ್ಟಬೇಕಾದರೆ, "ಲೈಸೆನ್ಸು ಯಾರ ಹೆಸರಲ್ಲಿದೆ?" ಎಂಬ ಪ್ರಶ್ನೆಗೆ ಉತ್ತರ ಹೇಳಿ ಮುಟ್ಟಬೇಕು. ಭಾನುವಾರಗಳಲ್ಲಿ ಮಾತ್ರ ಆಕೆಯ ಸಮ್ಮುಖದಲ್ಲಿ ಕುಟ್ಟಲು ನನಗೆ ಅಪ್ಪಣೆಯಿದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಒಂಬತ್ತು ಹುಲಿಗಳನ್ನೂ ಹೊಡೆಯುತ್ತೇನೆ.

ಮುಂದಿನ ನವಮಿಗೆ ಜಯಸಿಂಹ ಕ್ಯಾಮೆರಾ ತಂದಿದ್ದ. ಬಿಲ್ಡಿಂಗಿನವರೆಲ್ಲ ಕೇಳತೊಡಗಿದ್ದ ಸಾರಿನ ಪುಡಿಗೆಂದು ತರಿಸಿದ ಬ್ಯಾಡಗಿ ಮೆಣಸಿನಕಾಯಿಯ ಮೂಟೆ ಬೈಠಕ್ಕಿನಲ್ಲೇ ಇತ್ತು. "ಅಕ್ಕ, ಪೋಸ್ ಕೊಡು," ಎಂದ. ಪಂಕಜಾ ಬಂದೂಕು ಊರಿಕೊಂಡು, ಬಲಗಾಲು ಎತ್ತಿ ಮೂಟೆಯ ಮೇಲಿಟ್ಟಳು. ಆಗ ತಾತನ ಕಾಲ ಕೆಳಗೆ ಗೆದ್ದಲು ತಿಂದದ್ದು ಏನಿರಬಹುದೆಂದು ನನಗೆ ಹೊಳೆಯಿತು. ಅಜ್ಜಿ ಹಿಡಿದ ಗುಂಡಗಿನ ವಸ್ತು ಆರತಿ ತಟ್ಟೆಯಲ್ಲ ಎಂದೂ ಗೊತ್ತಾಯಿತು. ಯಾಕೆಂದರೆ ಅಷ್ಟರಲ್ಲಿ ಅಂಥದೇ ಒಂದನ್ನು ಜಯಸಿಂಹ ನನ್ನ ಕೈಗೆ ಕೊಟ್ಟು, ಅಕ್ಕನ ಹಿಂದೆ ನಿಲ್ಲಿಸಿದ್ದ.

ಆ ಫೋಟೋ ಈಗ ತಾತನ ಫೋಟೋದ ಪಕ್ಕದಲ್ಲೇ ಇದೆ. ಸಾರಿನ ಪುಡಿಗೆ ಬಂದವರೆಲ್ಲ ಅದನ್ನು ನೋಡಿ, "ಹಿಂದೆ ಜರಡಿ ಹಿಡಿದು ನಿಂತವರು ಯಾರು?" ಎಂದು ಕೇಳುತ್ತಾರೆ.

"ನಮ್ಮ ಮನೆಯವರು," ಎನ್ನುತ್ತಾಳೆ ಪಂಕಜಾ. "ದೊಡ್ಡ ಬೇಟೆಗಾರರ ವಂಶ ಅವರದು."